ರಂಜಾನ್ ತಿಂಗಳ ಕಟ್ಟಡ ಕೆಲಸ: ಹಬ್ಬದಿಂದ ಹಿಂದಕ್ಕೆ ಎಣಿಸಿ

"ಹಬ್ಬ ಯಾವತ್ತ್ರೀ ಮೇಸ್ತ್ರಿ?" ಅಂದರೆ "ಚಂದ್ರ ಕಂಡ ಮ್ಯಾಲ ಹೇಳ್ತೀನ್ರೀ" ಅನ್ನುವ ಉತ್ತರ ಬರುತ್ತದೆ. ಮನೆ ಕಟ್ಟಿಸುವವರಿಗೆ ಇದು ನುಣುಚಿಕೊಳ್ಳುವ ಮಾತು ಅನ್ನಿಸುತ್ತದೆ. ಹಾಗಲ್ಲ. ತಿಂಗಳು 29 ದಿನಕ್ಕೂ ಮುಗಿಯಬಹುದು, 30ಕ್ಕೂ ಮುಗಿಯಬಹುದು. ಲೆಕ್ಕಾಚಾರ ನೀವು ಮಾಡಿಕೊಳ್ಳಿ, ಒಂದು ದಿನ ಹೆಚ್ಚುಕಡಿಮೆಗೆ ಜಾಗ ಬಿಡಿ. ರಂಜಾನ್ ಪ್ರತಿ ವರ್ಷ 10–11 ದಿನ ಮುಂಚೆ ಬರುತ್ತದೆ. 2027ರಲ್ಲಿ ಫೆಬ್ರವರಿ 8ರ ಆಸುಪಾಸು ಶುರುವಾಗಿ ಮಾರ್ಚ್ 10ರ ಆಸುಪಾಸು ಹಬ್ಬ. 2029ಕ್ಕೆ ಜನವರಿ ಮಧ್ಯಕ್ಕೆ ಸರಿಯುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲಿ ಮತ್ತೊಮ್ಮೆ. ಆಗ ವಿಜಯಪುರದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯೂ ರೋಜಾ (ಉಪವಾಸ) ದಿನಗಳಲ್ಲೇ ಬರುತ್ತದೆ, ಗೌಂಡಿಗಳೂ, ಕಾಂಕ್ರೀಟಿಗೆ ಹಲಗೆ-ಆಸರೆ ಕಟ್ಟುವ ಸೆಂಟ್ರಿಂಗ್‌ನವರೂ ಒಟ್ಟಿಗೇ ಸಿಗದ ವಾರ ಅದು.

ಮೊದಲು ತಂಡದಲ್ಲಿ ಎಷ್ಟು ಮಂದಿ ರೋಜಾ ಇರುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ಹೆಸರು ನೋಡಿ ಊಹಿಸಬೇಡಿ. ಸೆಂಟ್ರಿಂಗ್, ಬಾರ್ ಬೆಂಡಿಂಗ್ (ಕಬ್ಬಿಣ ಕಟ್ಟುವುದು), ಫರ್ಷಿ, ಬಣ್ಣ, ಒಂದೊಂದು ತಂಡದ ಲೆಕ್ಕ ಒಂದೊಂದು ಇರುತ್ತದೆ. ಎಂಟು ಮಂದಿಯಲ್ಲಿ ಇಬ್ಬರು ರೋಜಾ ಇದ್ದರೆ ಕೆಲಸ ಹಂಚಿಕೊಂಡರೆ ಸಾಕು, ಆರು ಮಂದಿ ಇದ್ದರೆ ಇಡೀ ವೇಳಾಪಟ್ಟಿಯೇ ಬದಲಾಗಬೇಕು.

ಫೆಬ್ರವರಿ ಮಧ್ಯದಲ್ಲಿ ವಿಜಯಪುರದಲ್ಲಿ ಸೂರ್ಯ ಹುಟ್ಟುವುದು 6:50ರ ಸುಮಾರಿಗೆ, ಮುಳುಗುವುದು 6:30ಕ್ಕೆ. ಸಹರಿ (ಉಪವಾಸಕ್ಕೆ ಮುಂಚಿನ ಊಟ) ಮುಗಿಯುವುದು 5:35ರ ಹೊತ್ತಿಗೆ. ಅಂದರೆ ಒಂದು ಹನಿ ನೀರೂ ಇಲ್ಲದೆ ಸುಮಾರು 13 ಗಂಟೆ. ಅದರ ಮೇಲೆ ರಾತ್ರಿ ತರಾವೀಹ್ ನಮಾಜು, ಬೆಳಗಿನ ಜಾವ ಏಳುವುದು. ಹಸಿವೆಗಿಂತ ಹೆಚ್ಚಾಗಿ ನೀರಡಿಕೆ ಮತ್ತು ನಿದ್ದೆ ಕೆಡುವುದು ಇವರನ್ನು ಸೋಲಿಸುತ್ತವೆ. ಅದಕ್ಕೇ ಬೆಳಗಿನ ಹೊತ್ತಿನಲ್ಲಿ ಕೈ ಚುರುಕಾಗಿರುತ್ತದೆ, ಮಧ್ಯಾಹ್ನ ಎರಡರ ಮೇಲೆ ತಪ್ಪುಗಳು ಶುರುವಾಗುತ್ತವೆ. 9:30ರಿಂದ 5:30ರವರೆಗಿನ ಮಾಮೂಲಿ ಪಾಳಿಯ ಬದಲು 7ರಿಂದ 1:30ರವರೆಗೆ ಒಂದೇ ಪಾಳಿ ಇಡಿ, ನಡುವೆ ನೆರಳಲ್ಲಿ ಎರಡು ಸಲ ಹದಿನೈದು ನಿಮಿಷ ಕೂರಲು ಬಿಡಿ. ಊಟದ ಹೊತ್ತು ಉಳಿಯುವುದರಿಂದ ಕೆಲಸದಲ್ಲಿ ಕಡಿಮೆಯಾಗುವುದು ಒಂದು ಗಂಟೆ ಮಾತ್ರ. ಇಷ್ಟಕ್ಕೆ ಪಗಾರ ಮುರಿಯುವುದು ಸಣ್ಣತನ. ಶುಕ್ರವಾರ ಜುಮ್ಮಾ ಇರುವುದರಿಂದ 12ಕ್ಕೇ ಮುಗಿಸಿ. ರಾತ್ರಿ ಕೆಲಸ ಮಾಡಿಸೋಣ ಅನ್ನುವವರಿದ್ದಾರೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಗದ್ದಲಕ್ಕೆ ಕಾನೂನಿನ ಕಡಿವಾಣ ಇದೆ, ಮಿಕ್ಸರ್ ತಿರುಗಿಸಿದರೆ ನೆರೆಯವರು ಸುಮ್ಮನಿರುವುದಿಲ್ಲ.

ಇನ್ನು ಸ್ಲ್ಯಾಬ್. ಈ ತಿಂಗಳಲ್ಲಿ ಹೆಚ್ಚು ಕೆಡುವ ಕೆಲಸ ಇದೇ.

ಸಾವಿರ ಚದರ ಅಡಿ, ಐದು ಇಂಚು ದಪ್ಪದ ಸ್ಲ್ಯಾಬ್‌ಗೆ 11.8 ಘನ ಮೀಟರ್ ಕಾಂಕ್ರೀಟ್ ಬೇಕು, ಬೀಮ್ ಸೇರಿದರೆ 14–15. ಎಂ-20 ದರ್ಜೆಯ ಮಿಶ್ರಣಕ್ಕೆ ಘನ ಮೀಟರಿಗೆ 8 ಚೀಲ ಹಿಡಿದರೆ 112–120 ಚೀಲ ಸಿಮೆಂಟ್. ಒಂದು ಚೀಲದ ಮಿಕ್ಸರ್ ಗಂಟೆಗೆ 15–20 ಸಲ ಸುರಿಯುತ್ತದೆ. ಹಾಗಾದರೆ ಒಂದೇ ಮಿಕ್ಸರ್‌ನಲ್ಲಿ ಆರರಿಂದ ಎಂಟು ಗಂಟೆ. 7ಕ್ಕೆ ಶುರುವಾದರೂ ಎಲ್ಲ ಸರಿಯಾಗಿ ನಡೆದರೆ ಮಾತ್ರ 3ರೊಳಗೆ ಮುಗಿದೀತು. ಕಾಂಕ್ರೀಟ್ ಅಲುಗಿಸಿ ಕೂರಿಸುವ ವೈಬ್ರೇಟರ್ ಒಂದು ಕೆಟ್ಟರೂ ಸಾಕು, ಇಫ್ತಾರ್ (ಸಂಜೆ ಉಪವಾಸ ಬಿಡುವ) ಹೊತ್ತಿಗೆ ಅರ್ಧ ಸ್ಲ್ಯಾಬ್ ಬಾಕಿ. ಆಗ ಎಲ್ಲರೂ ಕೆಳಗಿಳಿಯುತ್ತಾರೆ, ಇಳಿಯಲೇಬೇಕು. ಮತ್ತೆ ಹತ್ತುವಷ್ಟರಲ್ಲಿ ಮೊದಲಿನ ಅಂಚು ಬಿಗಿದಿರುತ್ತದೆ. ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡದೆ, ಮಳೆಗಾಲದಲ್ಲಿ ಅದೇ ಗೆರೆಯಲ್ಲಿ ನೀರು ಜಿನುಗುತ್ತದೆ. ಆದ್ದರಿಂದ ಎರಡು ಮಿಕ್ಸರ್, ಎರಡು ವೈಬ್ರೇಟರ್. ಆರ್‌ಎಂಸಿ (ಕಾರ್ಖಾನೆಯಲ್ಲೇ ಕಲಸಿ ತರುವ ಕಾಂಕ್ರೀಟ್) ಸಿಗುವಂತಿದ್ದರೆ ಆರು ಘನ ಮೀಟರಿನ ಮೂರು ಗಾಡಿ, ಜೊತೆಗೆ ಪಂಪ್. ಕಾಂಕ್ರೀಟ್ ಹಾಕುವುದನ್ನು ನಡುವೆ ಎಲ್ಲಿ ನಿಲ್ಲಿಸಬೇಕಾಗಬಹುದು ಅಂತ ಎಂಜಿನಿಯರರಿಂದ ಮೊದಲೇ ಗುರುತು ಹಾಕಿಸಿಡಿ.

ಯಾವ ದಿನ ಹಾಕಿಸಬೇಕು? ಇಲ್ಲಿ ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಒಣ ಬಿಸಿಲಿನಲ್ಲಿ ಮಾಮೂಲಿ ಓಪಿಸಿ ಸಿಮೆಂಟಿನ ಕಾಂಕ್ರೀಟಿಗೂ 10 ದಿನ ನೀರುಣಿಸಬೇಕು. ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಆದರೆ 14 ದಿನಕ್ಕೆ ಏರಿಸುವುದು ಒಳ್ಳೆಯದು. ಚೀಲದ ಮೇಲೆ ಓದಿ ನೋಡಿ, ಪಿಪಿಸಿಯೇ ಇರುವ ಸಾಧ್ಯತೆ ಹೆಚ್ಚು. ಕೆಳಗಿನ ಆಸರೆಗಳನ್ನು ಎಷ್ಟು ದಿನ ಬಿಡಬೇಕು ಅಂದರೆ, ಆಧಾರದಿಂದ ಆಧಾರಕ್ಕೆ 4.5 ಮೀಟರ್ ಒಳಗಿನ ಸ್ಲ್ಯಾಬ್‌ಗೆ 7 ದಿನ, ಅದಕ್ಕಿಂತ ಹೆಚ್ಚಿನದಕ್ಕೆ 14. ಬೀಮ್ 6 ಮೀಟರ್ ಒಳಗಿದ್ದರೆ 14, ಮೀರಿದರೆ 21. ಹಾಗಾಗಿ ಒಂದೋ ರಂಜಾನ್ ಶುರುವಾಗುವ ಮೊದಲೇ ಹಾಕಿಸಿಬಿಡಿ, ಇಲ್ಲವೇ ಹಬ್ಬಕ್ಕೆ 14 ದಿನ ಇರುವಾಗ. 2027ಕ್ಕೆ ಅದು ಫೆಬ್ರವರಿ 24ರ ಬುಧವಾರ. ನೀರು ಹೊಡೆಯುವ ದಿನಗಳೆಲ್ಲ ಜನ ಇರುವಾಗಲೇ ಮುಗಿಯುತ್ತವೆ, ಹಬ್ಬದ ರಜೆಯಲ್ಲಿ ಆಸರೆಗಳು ಸುಮ್ಮನೆ ನಿಂತಿರುತ್ತವೆ. ನಾಲ್ಕು ದಿನದ ಸೆಂಟ್ರಿಂಗ್ ಬಾಡಿಗೆ ಹೆಚ್ಚು ಬೀಳಬಹುದು, ಬೀಳಲಿ.

ಬಹಳ ಮಂದಿ ಇದಕ್ಕೆ ಉಲ್ಟಾ ಮಾಡುತ್ತಾರೆ. "ಹಬ್ಬಕ್ಕೆ ಮುಂಚೆ ಮುಗಿಸಿ ಹೋಗ್ರಿ" ಅಂತ ಮೂರು ದಿನ ಇರುವಾಗ ಸ್ಲ್ಯಾಬ್ ಹಾಕಿಸುತ್ತಾರೆ. ನಾಲ್ಕನೆಯ ದಿನಕ್ಕೆ ನೀರು ಹೊಡೆಯುವವರೇ ಇರುವುದಿಲ್ಲ. ಮಾರ್ಚ್ ಬಿಸಿಲಿಗೆ ಮೇಲ್ಮೈಯಲ್ಲಿ ಕೂದಲೆಳೆ ಬಿರುಕು, ಕಾಲು ಉಜ್ಜಿದರೆ ಪುಡಿ. ಹಾಗೆ ಸಿಕ್ಕಿಹಾಕಿಕೊಂಡರೆ ಮಡಿ ಕಟ್ಟುವುದೊಂದೇ ದಾರಿ. ಹಾಕಿದ ಮರುದಿನ ನಾಲ್ಕೈದು ಅಡಿಗೊಂದರಂತೆ ಬಡ ಗಾರೆಯಲ್ಲಿ (ಸಿಮೆಂಟ್ ಕಡಿಮೆ ಹಾಕಿದ್ದು) ಎರಡೂವರೆ ಇಂಚು ಎತ್ತರದ ಬದು ಕಟ್ಟಿ ನೀರು ನಿಲ್ಲಿಸಿ. ಸಾವಿರ ಚದರ ಅಡಿಗೆ ಎರಡು ಇಂಚು ನೀರು ಅಂದರೆ 4,700 ಲೀಟರ್ ಹತ್ತಿರ, ಒಂದು ಸಣ್ಣ ಟ್ಯಾಂಕರ್. ಅದು ತಾನಾಗಿ ಉಳಿಯುತ್ತದೆ ಅಂತ ನಂಬಬೇಡಿ, ದಿನಾ ಸಂಜೆ ಯಾರಾದರೂ ಮೇಲೆ ಹತ್ತಿ ನೋಡಲೇಬೇಕು. ಕಾಲಮ್‌ಗಳಿಗೆ ಗೋಣಿತಟ್ಟು ಸುತ್ತಿ ತೋಯಿಸಿ. ಬದಿಯ ಬೀಮನ್ನು ಎಲ್ಲರೂ ಮರೆಯುತ್ತಾರೆ.

ಉಳಿದ ಕೆಲಸಗಳಿಗೆ ಇಷ್ಟು ತಲೆಬಿಸಿ ಇಲ್ಲ. ಎರಿ (ಕಪ್ಪು ಮಣ್ಣಿನ) ನೆಲದಲ್ಲಿ ಪಾಯ ತೆಗೆಯುವುದಿದ್ದರೆ ಜೆಸಿಬಿ ಕೆಲಸ ಈ ತಿಂಗಳಿಗೆ ಇಟ್ಟುಕೊಳ್ಳಿ. ಒಳಗಿನ ಪೈಪು, ವೈರಿಂಗ್ ಕೊಳವೆ, ಫರ್ಷಿ, ಒಳಗೋಡೆಯ ಗಿಲಾವು ನೆರಳಿನಲ್ಲಿ ನಡೆಯುತ್ತವೆ. ಹೊರಗಿನ ಗಿಲಾವು ಮಾಡಲೇಬೇಕಾದರೆ ಪಡುವಣ ಗೋಡೆ ಹಿಡಿಯಿರಿ, ನಡುಮಧ್ಯಾಹ್ನದವರೆಗೂ ಅಲ್ಲಿ ನೆರಳಿರುತ್ತದೆ. ಎತ್ತರದ ಸಾರವೆ, ಕಟಿಂಗ್ ಮಷಿನ್, ಅಂಚಿನಲ್ಲಿ ನಿಂತು ಕಬ್ಬಿಣ ಎಳೆಯುವುದು 12ರ ಒಳಗೆ ಮುಗಿಯಲಿ. ಯಾರಿಗಾದರೂ ತಲೆಸುತ್ತು, ಮಾಂಸಖಂಡ ಸೆಳೆತ ಅಂದರೆ ಕೂಡಲೇ ಕೆಳಗಿಳಿಸಿ ನೆರಳಲ್ಲಿ ಮಲಗಿಸಿ, ಒದ್ದೆ ಬಟ್ಟೆ ಹಾಕಿ. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ 108. ಕಾಯಿಲೆ ಬಿದ್ದವರು ರೋಜಾ ಬಿಟ್ಟು ಮುಂದೆ ತುಂಬಿಕೊಡಲು ಧರ್ಮದಲ್ಲೇ ಅವಕಾಶ ಇದೆ. ಆ ಮಾತನ್ನು ಮಾಲಕರು ಆಡುವುದಕ್ಕಿಂತ ತಂಡದ ಹಿರಿಯರು ಆಡಿದರೆ ಚೆಂದ.

ಬಟವಾಡೆಯನ್ನು 25ನೇ ರೋಜಾ ಒಳಗೆ ಚುಕ್ತಾ ಮಾಡಿ. ಮಕ್ಕಳ ಬಟ್ಟೆ, ಶೀರ್‌ಖುರ್ಮಾ ಸಾಮಾನು ಇದ್ದೇ ಇರುತ್ತದೆ. ಹಬ್ಬದ ನಮಾಜಿಗೆ ಮೊದಲೇ ಬಡವರಿಗೆ ಫಿತ್ರಾ ದಾನ ಕೊಡಬೇಕಿರುತ್ತದೆ. ಚಾಂದ್ ರಾತ್ರಿ (ಹಬ್ಬದ ಹಿಂದಿನ ರಾತ್ರಿ) ಕೊಟ್ಟ ದುಡ್ಡು ಅರ್ಧ ಉಪಯೋಗಕ್ಕಷ್ಟೇ. ಹಾಗಂತ ಮುಂದಿನ ತಿಂಗಳ ಅಡ್ವಾನ್ಸನ್ನೂ ಸೇರಿಸಿ ಕೊಡಬೇಡಿ, ಅದನ್ನು ಕೆಲಸಕ್ಕೆ ವಾಪಸ್ ಬಂದ ದಿನ ಕೊಡಿ.

ಹಬ್ಬದ ಮರುದಿನವೇ ಜನ ಬರುತ್ತಾರೆ ಅಂತ ಬರೆದುಕೊಳ್ಳಬೇಡಿ. ಊರಿನವರಾದರೆ ಮೂರು ದಿನ, ಹೊರಗಿನಿಂದ ಬಂದವರಾದರೆ ವಾರ ಬಿಡಿ. ಬಂದವರು ಮೊದಲ ದಿನವೇ ಆಸರೆ ಬಿಚ್ಚಲು ಹೋಗುತ್ತಾರೆ, ತಾರೀಕು ಯಾರಿಗೂ ನೆನಪಿರುವುದಿಲ್ಲ. ಸ್ಲ್ಯಾಬ್ ಹಾಕಿದ ದಿನವೇ ಕೆಳಗಿನ ಕಾಲಮ್ ಮೇಲೆ ಕೆಂಪು ಬಣ್ಣದಲ್ಲಿ ಎರಡು ತಾರೀಕು ಬರೆಸಿ: ಹಾಕಿದ್ದು, ಬಿಚ್ಚಬೇಕಾದ್ದು. ಸೀಮೆಸುಣ್ಣದಲ್ಲಿ ಬರೆದರೆ ನೀರು ಹೊಡೆಯುವಾಗ ಅಳಿಸಿಹೋಗುತ್ತದೆ.