ಷಿಕಾಗೊಗೆ ಹೋದವರು ಈ ಹರಕೆ ಮೂರ್ತಿಗಳನ್ನು ನೋಡಿ ಬನ್ನಿ

ಷಿಕಾಗೊದಲ್ಲಿರುವ ಮಕ್ಕಳ ಮನೆಗೆ ಅಂತ ಹೋದವರಿಗೆ ಎಲ್ಲರೂ ತೋರಿಸುವುದು ಎತ್ತರದ ಕಟ್ಟಡ, ದೋಣಿ ಸುತ್ತಾಟ. ಅದರ ನಡುವೆ ಅರ್ಧ ದಿನ ಉಳಿಸಿಕೊಂಡು ಹೈಡ್ ಪಾರ್ಕ್ ಬಡಾವಣೆ ಕಡೆ ಹೋಗಿ. ಅಲ್ಲಿನ ಷಿಕಾಗೊ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಪ್ರಾಚೀನ ಸಂಸ್ಕೃತಿಗಳ ಅಧ್ಯಯನ ಸಂಸ್ಥೆಯ ಐಸ್ಯಾಕ್ (ISAC) ಮ್ಯೂಸಿಯಂ ಇದೆ. 2023ರ ತನಕ ಇದು ಓರಿಯಂಟಲ್ ಇನ್‌ಸ್ಟಿಟ್ಯೂಟ್ ಆಗಿತ್ತು. ಹಳೇ ಗೈಡ್‌ಬುಕ್ ಹಿಡಿದವರು ಆ ಹೆಸರಲ್ಲೇ ಹುಡುಕಿ.

ಮಿಲೇನಿಯಂ ಸ್ಟೇಷನ್‌ನಲ್ಲಿ ಮೆಟ್ರಾ ಎಲೆಕ್ಟ್ರಿಕ್ ರೈಲು ಹತ್ತಿ 59ನೇ ಸ್ಟ್ರೀಟ್‌ನಲ್ಲಿ ಇಳಿದರೆ, ಅಲ್ಲಿಂದ ನಡೆದೇ ಹೋಗಬಹುದು. ಚಳಿಗಾಲವಾದರೆ ಕಿವಿ ಮುಚ್ಚುವ ಟೋಪಿ ಬೇಕೇ ಬೇಕು, ಸರೋವರದ ಗಾಳಿ ಸುಮ್ನೆ ಬಿಡಲ್ಲ. ಸೋಮವಾರ ರಜೆ. ಟಿಕೆಟ್ ಕಡ್ಡಾಯವಲ್ಲ, ಕಾಣಿಕೆ ಕೊಟ್ಟರೆ ಸಂತೋಷ.

ಒಳಗೆ ಹೋದವರೆಲ್ಲ ಇರಾಕಿನ ಖೋರ್ಸಾಬಾದ್‌ನಿಂದ ಬಂದ 40 ಟನ್ ತೂಕದ ರೆಕ್ಕೆಯ ಗೂಳಿಯ ಮುಂದೆ ಫೋಟೋ ತೆಗೆಸಿಕೊಂಡು ಮುಂದೆ ಹೋಗಿಬಿಡುತ್ತಾರೆ. ನನ್ನ ಕೇಳಿದರೆ, ಜಾಸ್ತಿ ಹೊತ್ತು ಕೊಡಬೇಕಾದ್ದು ಮೆಸೊಪೊಟೇಮಿಯ (ಈಗಿನ ಇರಾಕ್ ಕಡೆಯ ಪ್ರಾಚೀನ ನಾಡು) ವಿಭಾಗದ ಪುಟ್ಟ ಕಲ್ಲಿನ ಮೂರ್ತಿಗಳಿಗೆ. ಇರಾಕಿನ ಟೆಲ್ ಅಸ್ಮರ್, ಖಫಾಜೆಯ ಹಳೇ ದೇವಸ್ಥಾನಗಳನ್ನು 1930ರ ದಶಕದಲ್ಲಿ ಈ ಸಂಸ್ಥೆಯವರೇ ಅಗೆದಾಗ ಸಿಕ್ಕವು. ನಾಲ್ಕೂವರೆ ಸಾವಿರ ವರ್ಷಕ್ಕೂ ಹಳೆಯವು.

ಸ್ವಲ್ಪ ಬಗ್ಗಿ, ಮುಖಕ್ಕೆ ಮುಖ ಕೊಟ್ಟು ನೋಡಿ. ಮೈಯೆಲ್ಲ ಮೆತ್ತನೆಯ ಜಿಪ್ಸಮ್ ಕಲ್ಲು. ಕೈಗಳು ಎದೆಯ ಮುಂದೆ ಸೇರಿವೆ. ಕಣ್ಣು ಮಾತ್ರ ಮುಖಕ್ಕೇ ದೊಡ್ಡದಾಗುವಷ್ಟು ಅಗಲ. ಕಣ್ಣಿನ ಬಿಳಿಗೆ ಚಿಪ್ಪು ಕೂರಿಸಿ, ನೆಲದಲ್ಲಿ ಸಿಗುವ ಕಪ್ಪು ಬಿಟುಮೆನ್ ಅಂಟಿನಿಂದ ಹಿಡಿಸಿದ್ದಾರೆ. ಪಕ್ಕಕ್ಕೂ ಹೋಗಿ, ಲಂಗದಂಥ ಉಡುಪಿನ ಅಂಚಿನ ಕುಚ್ಚು ಕಾಣುತ್ತದೆ.

ಭಕ್ತರು ತಮ್ಮ ಬದಲಿಗೆ ಇವನ್ನು ದೇವರ ಮುಂದೆ ನಿಲ್ಲಿಸುತ್ತಿದ್ದರು. ತಾವು ಮನೆಯಲ್ಲಿದ್ದರೂ ಪ್ರಾರ್ಥನೆ ನಿಲ್ಲಬಾರದು ಅಂತ. ಬೆಳ್ತಂಗಡಿ ಕಡೆಯ ಸುರ್ಯದಲ್ಲಿ ಮಣ್ಣಿನ ಹರಕೆ ಗೊಂಬೆಗಳ ರಾಶಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಅಲ್ಲಿ ಒಪ್ಪಿಸುವುದು ಬೇಡಿಕೊಂಡದ್ದರ ರೂಪವನ್ನು: ಮನೆ, ತೊಟ್ಟಿಲು, ಕೈಕಾಲು. ಇಲ್ಲಿ ಒಪ್ಪಿಸಿದ್ದು ತಮ್ಮನ್ನೇ.

ಟೆಲ್ ಅಸ್ಮರ್‌ನಲ್ಲಿ ಅಬು ದೇವರ ಗುಡಿಯ ನೆಲದಡಿ 12 ಮೂರ್ತಿಗಳನ್ನು ಒಟ್ಟಿಗೇ ಹೂತಿಟ್ಟಿದ್ದರು. ಹಳತಾಯಿತು ಅಂತ ದೇವರಿಗೆ ಕೊಟ್ಟದ್ದನ್ನು ಬಿಸಾಡೋಕೆ ಮನಸ್ಸು ಬರಲ್ಲ, ಅಲ್ವಾ? ಆ ಗುಂಪು ಈಗ ಬಾಗ್ದಾದ್, ಷಿಕಾಗೊ, ನ್ಯೂಯಾರ್ಕ್ ಅಂತ ಹಂಚಿಹೋಗಿದೆ. ನ್ಯೂಯಾರ್ಕಿಗೂ ಹೋಗುವವರು ಮೆಟ್ (ಮೆಟ್ರೊಪಾಲಿಟನ್) ಮ್ಯೂಸಿಯಂನಲ್ಲಿ ಇವರ ಜೊತೆಯವನನ್ನು ನೋಡಬಹುದು. ಅಲ್ಲಿ ಬುಧವಾರ ರಜೆ, ಟಿಕೆಟ್ಟೂ ದುಬಾರಿ.