ಒಂದು ಪ್ಯಾರಾ ತಿದ್ದಿ ತೋರಿಸಿ

ಮೊದಲು ಒಂದು ಲೆಕ್ಕ. ಒಂದು ಕನ್ನಡ ಪುಸ್ತಕಕ್ಕೆ 200 ರೂಪಾಯಿ ಮುಖಬೆಲೆ, 500 ಪ್ರತಿ, ಶೇ 10 ಗೌರವಧನ. ಅಷ್ಟೂ ಪ್ರತಿ ಖರ್ಚಾದರೆ ಲೇಖಕರಿಗೆ ಸಿಗುವುದು 10,000 ರೂಪಾಯಿ. ಅದೂ ಎಷ್ಟೋ ಸಲ ದುಡ್ಡಾಗಿ ಬರದೆ ಪುಸ್ತಕದ ಪ್ರತಿಗಳಾಗಿ ಬರುತ್ತದೆ. ಕನ್ನಡದಲ್ಲಿ ಬರವಣಿಗೆಯನ್ನೇ ನೆಚ್ಚಿ ಬದುಕಬೇಕೆನ್ನುವವರಿಗೆ ಪುಸ್ತಕದ ಜೊತೆಗೆ ಇನ್ನೆರಡು ಕೆಲಸ ಬೇಕು: ಬೇರೆಯವರ ಹಸ್ತಪ್ರತಿ ತಿದ್ದುವುದು, ಬರೆಯಲು ಕಲಿಸುವುದು. ಎರಡಕ್ಕೂ ಪ್ರಚಾರ ಬೇಕು, ನಿಜ. ಆದರೆ ಪ್ರಚಾರಕ್ಕೆ ಬೇಕಾದ ಸರಕು ತಿದ್ದುವ ಮೇಜಿನ ಮೇಲೇ ಸಿಗುತ್ತದೆ. ಹಾಗಾಗಿ ತಿದ್ದುವುದರಿಂದಲೇ ಶುರು ಮಾಡಿ.

ಹೊಸಬರ ಕಥೆಗಳಲ್ಲಿ ಇಂಥ ಪ್ಯಾರಾ ಮತ್ತೆ ಮತ್ತೆ ಕಾಣುತ್ತದೆ:

"ಸಂಜೆಯ ಸಮಯದಲ್ಲಿ ಗಿರಿಜಮ್ಮನವರು ಬಸ್ ನಿಲ್ದಾಣದಲ್ಲಿ ನಿಂತುಕೊಂಡಿದ್ದರು. ಅವರ ಮನಸ್ಸಿನಲ್ಲಿ ಅತ್ಯಂತ ತೀವ್ರವಾದ ದುಃಖವು ಉಂಟಾಗಿತ್ತು. ಅವರ ಕೈಯಲ್ಲಿ ಮಗನಿಂದ ಬರೆಯಲ್ಪಟ್ಟ ಪತ್ರವು ಇತ್ತು."

ತಿದ್ದಿದ ಮೇಲೆ:

"ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಗಿರಿಜಮ್ಮ ನಿಂತಿದ್ದರು. ಮಗ ಬರೆದ ಕಾಗದ ಕೈಯಲ್ಲಿತ್ತು."

'ಸಮಯದಲ್ಲಿ' ಹೋಯಿತು, ಯಾಕೆಂದರೆ 'ಸಂಜೆ' ಅಂದರೆ ಸಾಕು. 'ಬರೆಯಲ್ಪಟ್ಟ' ಹೋಯಿತು, ಮಾತಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಎರಡು ಸಲ ಬಂದ 'ಅವರ' ಹೋಯಿತು, ಕನ್ನಡ ವಾಕ್ಯಕ್ಕೆ ಪ್ರತಿ ಸಲವೂ ಸರ್ವನಾಮ ಬೇಕಿಲ್ಲ. ದುಃಖದ ವಾಕ್ಯ ಮಾತ್ರ ಬೇರೆ ತರಹದ್ದು. ಅದನ್ನು ಹೊಡೆದುಹಾಕಿ, ಆ ಜಾಗದಲ್ಲಿ "ಎರಡು ಬಸ್ಸು ಬಂದು ಹೋದರೂ ಹತ್ತಲಿಲ್ಲ" ಎಂದು ನಾವೇ ಸೇರಿಸುವ ಆಸೆಯಾಗುತ್ತದೆ. ಸೇರಿಸಬಾರದು. ಅದು ಲೇಖಕರ ಕೆಲಸ. ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ: "ಆ ಹೊತ್ತಿನಲ್ಲಿ ಗಿರಿಜಮ್ಮ ಏನು ಮಾಡುತ್ತಿದ್ದರು?" ಕಳೆಯುವುದು ಎಲ್ಲಿ, ಕೇಳುವುದು ಎಲ್ಲಿ ಎಂದು ಗೊತ್ತಿರುವುದೇ ಈ ವೃತ್ತಿಯ ಜೀವಾಳ. ಕೇಳಬೇಕಾದಲ್ಲಿ ತಾವೇ ಬರೆದುಬಿಡುವ ಸಂಪಾದಕರ ಕೈಯಲ್ಲಿ ಹತ್ತು ಲೇಖಕರ ಪುಸ್ತಕಗಳೂ ಒಬ್ಬರೇ ಬರೆದಂತೆ ಕಾಣತೊಡಗುತ್ತವೆ.

"ಸ್ವಲ್ಪ ನೋಡಿಕೊಡಿ ಸರ್" ಎಂದು ಬರುವ ಹಸ್ತಪ್ರತಿಗೆ ಏನು ಬೇಕು ಅನ್ನುವುದು ತಂದವರಿಗೂ ಸ್ಪಷ್ಟ ಇರುವುದಿಲ್ಲ. ಅಧ್ಯಾಯಗಳ ಕ್ರಮ, ಪಾತ್ರ, ಕಥೆಯ ನಡೆ ನೋಡುವುದು ಒಂದು ಕೆಲಸ. ವಾಕ್ಯ ತಿದ್ದುವುದು ಇನ್ನೊಂದು. ಪುಟವಿನ್ಯಾಸ ಆದ ಮೇಲೆ ಕರಡು (ಪ್ರೂಫ್) ತಿದ್ದುವುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ದರ ಹೇಳಿ. ಬರೀ ಪ್ರೂಫ್ ಎಂದು ಒಪ್ಪಿಕೊಂಡ ಕಾದಂಬರಿಯಲ್ಲಿ ಏಳನೇ ಅಧ್ಯಾಯವೇ ಬೇಡ ಅನ್ನಿಸಿದರೆ ಆಗ ಹೇಳಿ ಪ್ರಯೋಜನವಿಲ್ಲ, ಪುಟಗಳು ಆಗಲೇ ಕೂತಿರುತ್ತವೆ.

ದರವನ್ನು ಅಂದಾಜಿನ ಮೇಲೆ ಹೇಳಬೇಡಿ. ಹಸ್ತಪ್ರತಿಯ ನಡುಭಾಗದಿಂದ 1,000 ಪದ ತೆಗೆದುಕೊಂಡು ಗಡಿಯಾರ ಇಟ್ಟು ತಿದ್ದಿ. ಮೊದಲ ಪುಟಗಳನ್ನು ಎಲ್ಲರೂ ಹತ್ತು ಸಲ ಉಜ್ಜಿರುತ್ತಾರೆ, ಹೊಲಸು ನಡುವೆ ಇರುತ್ತದೆ. 50 ನಿಮಿಷ ಹಿಡಿಯಿತು ಅನ್ನಿ. 40,000 ಪದದ ಕಾದಂಬರಿಗೆ ಮೊದಲ ಓದು 33 ಗಂಟೆ. ಎರಡನೇ ಓದಿಗೆ ಅದರ ಅರ್ಧ. ಫೋನು, ಟಿಪ್ಪಣಿ, ಲೇಖಕರ ಬದಲಾವಣೆಗಳನ್ನು ಮತ್ತೆ ನೋಡುವುದಕ್ಕೆ 5 ಗಂಟೆ. ಒಟ್ಟು 55 ಗಂಟೆ. ಗಂಟೆಗೆ 300 ರೂಪಾಯಿ ಎಂದುಕೊಂಡರೂ 16,500 ಆಗುತ್ತದೆ. ಈ ಲೆಕ್ಕವನ್ನು ಲೇಖಕರ ಮುಂದೆ ಬಿಚ್ಚಿಟ್ಟರೆ ಚೌಕಾಸಿ ಕಡಿಮೆಯಾಗುತ್ತದೆ. ಮೂರನೇ ಒಂದು ಭಾಗ ಮುಂಗಡ, ಇನ್ನೊಂದು ಮೊದಲ ಓದು ಮುಗಿದಾಗ, ಉಳಿದದ್ದು ಕೊನೆಯ ಕಡತ ಕೊಡುವಾಗ. ಎಷ್ಟು ಸುತ್ತು ತಿದ್ದಿಕೊಡುತ್ತೀರಿ ಎಂದೂ ಬರೆದುಕೊಡಿ. ಎರಡು ಸಾಕು.

ಇನ್ನು ಕಡತದ ಸಮಸ್ಯೆ. ಇದು ಕನ್ನಡದವರಿಗೂ ಇರುವ ತಲೆನೋವು, ಇದಕ್ಕೆ ತಗಲುವ ಹೊತ್ತನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಆಗುತ್ತದೆ, ನಡುವೆ ಇರಬೇಕಾದ ಕಣ್ಣಿಗೆ ಕಾಣದ ಗುರುತು ಬಿದ್ದುಹೋಗಿರುತ್ತದೆ. ಅದಕ್ಕಿಂತ ಕಳ್ಳನಂತೆ ಅಡಗಿರುವುದು ಸೊನ್ನೆ. ಕೆಲವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿರುತ್ತಾರೆ. 'ಬೆ೦ಗಳೂರು' ನೋಡಲು ಸರಿಯಾಗಿಯೇ ಇದೆ, ಆದರೆ 'ಬೆಂಗಳೂರು' ಎಂದು ಹುಡುಕಿದರೆ ಸಿಗುವುದಿಲ್ಲ. ಮೊದಲ ದಿನವೇ ೦ ಅನ್ನು ಹುಡುಕಿ ಒಂದೊಂದಾಗಿ ನೋಡಿ ಬದಲಿಸಿ. ಒಟ್ಟಿಗೆ ಬದಲಿಸಿದರೆ ೧೦೦ ಎಂದು ಬರೆದಲ್ಲೆಲ್ಲ ಇಸವಿ, ಬೆಲೆ ಕೆಟ್ಟುಹೋಗುತ್ತದೆ.

ಜೊತೆಗೆ ಪ್ರತಿ ಹಸ್ತಪ್ರತಿಗೂ ಒಂದು ಪದಪಟ್ಟಿ ಇಡಿ. ಊರು, ಹೆಸರು, ಎರಡು ರೀತಿ ಬರೆಯಬಹುದಾದ ಪದಗಳು. ವಿಶಿಷ್ಟ, ಕನಿಷ್ಠ, ಉಚ್ಚಾರ, ಶ್ರುತಿ, ಆಶೀರ್ವಾದ: ಈ ಐದರಲ್ಲಿ ಒಂದಾದರೂ ತಪ್ಪಿರದ ಹಸ್ತಪ್ರತಿ ಅಪರೂಪ. ಪ್ರಾದೇಶಿಕ ಮಾತಿಗೆ ಬೇರೆ ಪಟ್ಟಿ ಬೇಕು. ಧಾರವಾಡದ ಪಾತ್ರ ಒಂದು ಪುಟದಲ್ಲಿ 'ಹೊಂಟೀನಿ' ಅಂದು, ಮುಂದಿನ ಪುಟದಲ್ಲಿ ಕಾರಣವಿಲ್ಲದೆ 'ಹೊರಟಿದ್ದೇನೆ' ಅಂದರೆ ಓದುಗರ ಕಿವಿಗೆ ತಕ್ಷಣ ಬಡಿಯುತ್ತದೆ. ಹಾಗಂತ 'ಹೊಂಟೀನಿ'ಯನ್ನು ಪುಸ್ತಕದ ಕನ್ನಡಕ್ಕೆ ತಿದ್ದುವುದು ಮಹಾಪರಾಧ. ಲೇಖಕರನ್ನೇ ಕೇಳಿ ಒಂದು ರೂಪಕ್ಕೆ ತನ್ನಿ.

ಪ್ರಚಾರದ ವಿಷಯಕ್ಕೆ ಬಂದರೆ, "ಹಸ್ತಪ್ರತಿ ತಿದ್ದಿಕೊಡಲಾಗುವುದು, ಸಂಪರ್ಕಿಸಿ" ಎಂಬ ಪೋಸ್ಟರಿಗೆ ಯಾರೂ ಬರುವುದಿಲ್ಲ. ಮೇಲೆ ತೋರಿಸಿದಂಥ ಪ್ಯಾರಾ, ಮುಂಚೆ ಹೀಗಿತ್ತು, ಈಗ ಹೀಗಿದೆ, ಯಾಕೆ ಎಂದು ಮೂರು ಸಾಲು, ವಾರಕ್ಕೊಂದು ಹಾಕಿ. ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಂನಲ್ಲೋ, ಒಂದೇ ಕಡೆ, ಒಂದೇ ದಿನ. ಓದುವವರಿಗೆ ಪುಕ್ಕಟೆ ಪಾಠ ಸಿಗುತ್ತದೆ, ನಿಮ್ಮ ಕೈ ಎಂಥದ್ದು ಅನ್ನುವುದೂ ತಿಳಿಯುತ್ತದೆ. ಸಾಹಿತ್ಯದ ವಾಟ್ಸ್ಆ್ಯಪ್ ಗುಂಪುಗಳಿಗೆ ದಿನವೂ ಕೊಂಡಿ ಎಸೆದರೆ ಜನ ಆ ಗುಂಪನ್ನೇ ಮ್ಯೂಟ್ ಮಾಡುತ್ತಾರೆ.

ಸ್ವಂತ ಬರಹಕ್ಕೆ ಇನ್ನೂ ಹಳೆಯ ದಾರಿಗಳೇ ಗಟ್ಟಿ. ಸುಧಾ, ಮಯೂರ, ತರಂಗ, ತುಷಾರ, ಪತ್ರಿಕೆಗಳ ಭಾನುವಾರದ ಪುರವಣಿ, ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ. ಒಂದು ಎಚ್ಚರ: ಸ್ಪರ್ಧೆಗೆ ಸಾಮಾನ್ಯವಾಗಿ ಅಪ್ರಕಟಿತ ಕಥೆಯೇ ಬೇಕು, ಜಾಲತಾಣದಲ್ಲಿ ಹಾಕಿದ್ದನ್ನೂ ಪ್ರಕಟಿತ ಎಂದೇ ಎಣಿಸುವುದುಂಟು. ಲೈಕಿನ ಆಸೆಗೆ ಒಳ್ಳೆಯ ಕಥೆಯನ್ನು ಮೊದಲೇ ಹಾಕಿಬಿಡಬೇಡಿ. ಪುಸ್ತಕ ಬಂದಾಗ ವಿಮರ್ಶೆಗೆ ಬರೀ ಪ್ರತಿ ಕಳಿಸಿದರೆ ಅದು 'ಸಾದರ ಸ್ವೀಕಾರ'ದ ಪಟ್ಟಿಯಲ್ಲಿ ಹೆಸರಾಗಿ ಮುಗಿಯುತ್ತದೆ. ಅರ್ಧ ಪುಟದ ಪತ್ರ ಜೊತೆಗಿರಲಿ: ಪುಸ್ತಕ ಯಾವುದರ ಬಗ್ಗೆ, ಯಾವ ಅಧ್ಯಾಯ ಮೊದಲು ಓದಬಹುದು, ಬೆಲೆ, ಪುಟ, ಸಿಗುವ ಜಾಗ.

ನೇರ ಮಾರಾಟ ಕಷ್ಟವಲ್ಲ. ಅಂಗಡಿಗೆ ಮುಖಬೆಲೆಯ ಶೇ 30–40 ಬಿಡಬೇಕಾಗುತ್ತದೆ, ಅಂಚೆಯಲ್ಲಿ ಕಳಿಸಿದರೆ ಅದು ಉಳಿಯುತ್ತದೆ. ಡೆಮಿ 1/8 (ಮಾಮೂಲಿ ಕಾದಂಬರಿಯ) ಅಳತೆ, ಚದರ ಮೀಟರಿಗೆ 70 ಗ್ರಾಂ ತೂಗುವ 70 ಜಿಎಸ್‌ಎಂ ಕಾಗದ, 16 ಪುಟದ 12 ಫಾರ್ಮ್ ಅಂದರೆ 192 ಪುಟದ ಪುಸ್ತಕ ಮುಖಪುಟ ಸೇರಿ ಸುಮಾರು 220 ಗ್ರಾಂ ತೂಗುತ್ತದೆ. ಅಂಚೆ ಇಲಾಖೆ 2025ರ ಮೇ 1ರಂದು ಶುರು ಮಾಡಿದ ಪುಸ್ತಕ ರವಾನೆಯ ಸೇವೆ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗೆ 20 ರೂಪಾಯಿ ದರವಿಟ್ಟಿತ್ತು. ಕವರು, ರಟ್ಟು ಸೇರಿ ಆ ಗೆರೆ ದಾಟದಂತೆ ನೋಡಿಕೊಳ್ಳಿ. ಈ ಸೇವೆಗೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಪುಸ್ತಕದ ಮೇಲೆ ಇರಲೇಬೇಕು. ನೀವೇ ಪ್ರಕಾಶಕರಾದರೆ ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಆನ್‌ಲೈನಿನಲ್ಲಿ ಉಚಿತವಾಗಿ ಕೊಡುತ್ತದೆ. ಬೇರೆ ಪ್ರಕಾಶಕರಾದರೆ ಒಪ್ಪಂದ ಓದಿ ಸಹಿ ಹಾಕಿ. ಕೃತಿಸ್ವಾಮ್ಯ ಕಾಯ್ದೆ 1957ರ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು, ಅವಧಿ ಬರೆಯದಿದ್ದರೆ 5 ವರ್ಷ ಎಂದು ಅರ್ಥ. ಆಡಿಯೋ ಹಕ್ಕು ಯಾರದು ಎಂದು ಬೇರೆಯಾಗಿ ಬರೆಸಿ.

ಕಲಿಸುವ ಕೆಲಸವನ್ನು ಹತ್ತಾರು ಹಸ್ತಪ್ರತಿ ತಿದ್ದಿದ ಮೇಲೆ ಹಿಡಿಯಿರಿ, ಆಗ ಪಾಠಕ್ಕೆ ಉದಾಹರಣೆ ಹುಡುಕಬೇಕಾಗುವುದಿಲ್ಲ. ಕಮ್ಮಟಕ್ಕೆ 8 ಜನ ಸಾಕು. ವಾರಕ್ಕೆ ತಲಾ 600 ಪದ ಅಂದರೆ 4,800 ಪದ, ಓದಿ ಟಿಪ್ಪಣಿ ಬರೆಯಲು 4 ಗಂಟೆ. 20 ಜನರನ್ನು ಸೇರಿಸಿಕೊಂಡರೆ ಅದೇ 10 ಗಂಟೆಯಾಗುತ್ತದೆ, ಟಿಪ್ಪಣಿ "ಚೆನ್ನಾಗಿದೆ, ಇನ್ನೂ ಬರೆಯಿರಿ"ಗೆ ಇಳಿಯುತ್ತದೆ. 2 ಗಂಟೆಯ ತರಗತಿಯಲ್ಲಿ 4 ಬರಹ, ಒಂದೊಂದಕ್ಕೆ 25 ನಿಮಿಷ, ಉಳಿದ 20 ನಿಮಿಷ ಅಲ್ಲೇ ಕೂತು ಬರೆಯುವುದು. ಹೀಗೆ 6 ವಾರದಲ್ಲಿ ಪ್ರತಿಯೊಬ್ಬರಿಗೂ ಮೂರು ಸರದಿ ಬರುತ್ತದೆ. ತರಗತಿ 12 ಗಂಟೆ, ಓದು 24, ತಯಾರಿ 6. ಅದೇ 300ರ ದರದಲ್ಲಿ ತಲೆಗೆ 1,575 ರೂಪಾಯಿ. ಬರೆದವರು ತಮ್ಮ ಸರದಿಯಲ್ಲಿ ಸಮರ್ಥನೆ ಕೊಡದೆ ಕೇಳಿಸಿಕೊಳ್ಳಬೇಕು, ಕೊನೆಯ 5 ನಿಮಿಷ ಅವರದು. ಈ ನಿಯಮ ಸಡಿಲಬಿಟ್ಟರೆ ಇಡೀ ಸಂಜೆ ಒಂದೇ ಕಥೆಯ ಜಗಳದಲ್ಲಿ ಮುಗಿಯುತ್ತದೆ.

ಕಮ್ಮಟದಲ್ಲಿ ಬಂದ ಪ್ಯಾರಾವನ್ನಾಗಲಿ, ತಿದ್ದಲು ಬಂದ ಹಸ್ತಪ್ರತಿಯ ಪ್ಯಾರಾವನ್ನಾಗಲಿ ಪ್ರಚಾರಕ್ಕೆ ಬಳಸುವ ಮುಂಚೆ ಬರೆದವರ ಒಪ್ಪಿಗೆ ಲಿಖಿತವಾಗಿ ಇರಲಿ. ಹೆಸರು ತೆಗೆದರೆ ಸಾಕು ಅಂದುಕೊಳ್ಳಬೇಡಿ. ಬರೆದವರಿಗೆ ತಮ್ಮ ವಾಕ್ಯ ಗುರುತು ಸಿಗುತ್ತದೆ, ಅವರ ಊರಿನವರಿಗೂ ಸಿಗುತ್ತದೆ. ಒಪ್ಪಿಗೆ ಸಿಗದ ವಾರ ನಿಮ್ಮದೇ ಹಳೆಯ ಕರಡಿನಿಂದ ಒಂದು ಪ್ಯಾರಾ ತೆಗೆದು ತಿದ್ದಿ ಹಾಕಿ.