ಹುಲಿಯ ಗಂಡ

ಕೊಡಗಿನ ನಮ್ಮ ಒಕ್ಕದಲ್ಲಿ, ಅಂದರೆ ಕುಲದಲ್ಲಿ, ಸೈನ್ಯದಲ್ಲಿ ಹೆಸರು ಮಾಡಿದವರಿದ್ದರು, ಕಾಡು ಕಡಿದು ಕಾಫಿ ತೋಟ ಎಬ್ಬಿಸಿದವರೂ ಇದ್ದರು. ಆದರೆ ಕಾರಣಂಗ್ ಕೊಡುವ, ಅಂದರೆ ಗತಿಸಿದ ಹಿರಿಯರಿಗೆ ಎಡೆಯಿಡುವ ದಿನ, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ ಮಾತು ಹೊರಳುವುದು ಮಾತ್ರ ಇಂಥ ಯಾವ ಸಾಧನೆಯನ್ನೂ ಮಾಡದ, ನನ್ನ ಮುತ್ತಜ್ಜನ ತಮ್ಮನ ಕಡೆಗೆ. ಕಳೆದ ಸಲವೂ ಹಾಗೆಯೇ ಆಯಿತು. ಒಳಗೆ ಪಂದಿಕರಿ ಕುದಿಯುತ್ತಿತ್ತು, ಕಡಂಬುಟ್ಟು ಹಬೆಯಲ್ಲಿತ್ತು. ಹೊರಗೆ ಜಗಲಿಯ ಐಮರದ ಮೇಲೆ ಕುಳಿತ ಬಲ್ಯಪ್ಪ (ದೊಡ್ಡಪ್ಪ), ಯಾರೂ ಕೇಳದಿದ್ದರೂ, ಆ ಅಜ್ಜನ ಕಥೆ ತೆಗೆದರು.

ಹುಲಿ ಕೊಂದವನಿಗೆ ಕೊಡಗಿನಲ್ಲಿ ನರಿ ಮಂಗಲ ಮಾಡುತ್ತಿದ್ದರು; ಕೊಡವ ಮಾತಿನಲ್ಲಿ ನರಿಯೆಂದರೆ ಹುಲಿ, ಮಂಗಲವೆಂದರೆ ಮದುವೆ. ಅವನಿಗೆ ಮದುಮಗನ ಉಡುಪು ತೊಡಿಸಿ, ಸತ್ತ ಹುಲಿಯನ್ನು ಪಕ್ಕದಲ್ಲೇ ಕಟ್ಟಿ ನಿಲ್ಲಿಸಿ, ಊರವರೆಲ್ಲ ಒಬ್ಬೊಬ್ಬರಾಗಿ ಅಕ್ಕಿ ಹಾಕಿ, ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಲಿ ಬೇಟೆಯೇ ನಿಂತು, ಈ ಮದುವೆ ಹಿರಿಯರ ಬಾಯಲ್ಲಷ್ಟೇ ಉಳಿದಿದೆ. ನಮ್ಮ ಅಜ್ಜನಿಗೂ ಅದು ನಡೆದಿತ್ತಂತೆ. ಎಲ್ಲರಿಗೂ ಅದು ಒಂದು ದಿನದ ಗೌರವ. ಅಜ್ಜ ಅದನ್ನು ಕೊನೆಯವರೆಗೂ ಮದುವೆಯೆಂದೇ ನಂಬಿದ. ಮುಂದೆ ಹೆಣ್ಣಿನ ಕಡೆಯವರು ಬಂದಾಗಲೆಲ್ಲ ಕೈಮುಗಿದು, "ನನಗೆ ಆಗಲೇ ಮದುವೆಯಾಗಿದೆ" ಎಂದು ಹೇಳಿ, ಊಟ ಹಾಕಿಸಿಯೇ ಕಳುಹಿಸುತ್ತಿದ್ದನಂತೆ.

ಅವನ ಶೌರ್ಯಕ್ಕೆ ಮೆಚ್ಚಿ ಕೊಡಗಿನ ರಾಜನೇ ಬೆಳ್ಳಿಯ ಕಡಗ ತೊಡಿಸಿದನೆಂದು ಬಲ್ಯಪ್ಪ ಹೇಳಿದಾಗ ನಾನು ಸುಮ್ಮನಿರಲಿಲ್ಲ. ಚಿಕ್ಕವೀರರಾಜೇಂದ್ರನನ್ನು ಇಂಗ್ಲಿಷರು ಗದ್ದುಗೆಯಿಂದ ಇಳಿಸಿದ್ದು 1834ರಲ್ಲಿ. ತಲೆಮಾರುಗಳನ್ನು ಹೇಗೆ ಎಣಿಸಿದರೂ ಆಗ ಅಜ್ಜ ಹುಟ್ಟಿರುವುದು ಸಾಧ್ಯವಿಲ್ಲ. ಬಲ್ಯಪ್ಪ ಒಂದಿಷ್ಟೂ ವಿಚಲಿತರಾಗದೆ, "ಹಾಗಾದರೆ ಕಡಗ ಅವನ ಅಜ್ಜನಿಗೆ ಸಿಕ್ಕಿರಬೇಕು, ಹುಲಿ ಮಾತ್ರ ಇವನದೇ" ಎಂದರು. ನಮ್ಮಲ್ಲಿ ಹಳಬರ ಚರಿತ್ರೆ ತಿದ್ದುಪಡಿಯಾಗುವುದು ಹೀಗೆಯೇ ಎಂದು ನನಗೆ ತೋರುತ್ತದೆ: ಸುಳ್ಳೆಂದು ಯಾವುದನ್ನೂ ಬಿಡುವುದಿಲ್ಲ, ಇನ್ನೊಬ್ಬರ ಹೆಸರಿಗೆ ವರ್ಗಾಯಿಸುತ್ತೇವೆ.

ಅಡುಗೆಮನೆಯ ಕಥೆಯೇ ಬೇರೆ. ಅಜ್ಜ ಹೊಡೆದದ್ದು ಹುಲಿಯನ್ನಲ್ಲ, ಚಿರತೆಯನ್ನು. ಅದೂ ಹಂದಿಯೆಂದು ಭಾವಿಸಿ ಹಾರಿಸಿದ ಗುಂಡು ಎಂದು ಬಲ್ಯವ್ವ (ದೊಡ್ಡಮ್ಮ) ಕಡಂಬುಟ್ಟು ಇಳಿಸುತ್ತಲೇ ಹೇಳಿದರು. ಮದುವೆ ಬೇಡವೆಂದದ್ದಕ್ಕೂ ಅವರಲ್ಲಿ ಕಾರಣವಿತ್ತು: ಅತ್ತಿಗೆಯರ ಕೈಯ ಅಡುಗೆ ಉಂಡು, ಯಾರ ಜವಾಬ್ದಾರಿಯೂ ಇಲ್ಲದೆ ಬದುಕುವುದನ್ನು ಅವನು ಚೆನ್ನಾಗಿ ಕಲಿತಿದ್ದ. ನನಗೆ ಈ ಕಥೆಯೇ ಹೆಚ್ಚು ನಿಜವೆನಿಸಿತು, ಆದರೆ ಜಗಲಿಗೆ ಹೋಗಿ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಸಂಜೆ ಕಾರಣರಿಗೆ ಎಲೆ ಹಾಕಿ ಮಾಂಸ, ಕಡಂಬುಟ್ಟು, ಬ್ರಾಂದಿ ಇಡುವಾಗ, ಹುಲಿಗೂ ಒಂದು ಎಲೆ ಬೇಡವೇ ಎಂದು ಮನೆಯ ಸಣ್ಣ ಹುಡುಗನೊಬ್ಬ ಕೇಳಿದ. ನಾವು ನಕ್ಕೆವು, ಬಲ್ಯಪ್ಪ ನಗಲಿಲ್ಲ. ಮದುವೆಯಾಗಿ ಬಂದ ಹೆಣ್ಣು ಗಂಡನ ಒಕ್ಕಕ್ಕೆ ಸೇರಿದವಳು, ಆದ್ದರಿಂದ ಎಲೆ ಹಾಕಲೇಬೇಕು ಎಂದು ಅವರು ತೀರ್ಮಾನ ಕೊಟ್ಟರು. ಹಾಗಿದ್ದರೆ ಅವಳಿಗೆ ಬೇಯಿಸಿದ್ದು ಬೇಡ, ಹಸಿ ಮಾಂಸವನ್ನೇ ಇಡಿ ಎಂದು ಬಲ್ಯವ್ವ ಒಳಗಿನಿಂದ ಕೂಗಿದರು.